ಜಿನಮತಿಯ ಕೈಗೊಂದು ಪೈಪು

ಮಹಾವೀರ ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕೆಲಸಕ್ಕಿದ್ದ. ಕಬ್ಬು ಹೇರಿಕೊಂಡು ಬಂದ ಟ್ರ್ಯಾಕ್ಟರುಗಳನ್ನು ಒಂದರ ಹಿಂದೊಂದು ತೂಕಕ್ಕೆ ಹತ್ತಿಸುವುದು, ಚೀಟಿ ಹರಿದು ಕೊಡುವುದು, ಇಳಿಸುವುದು. ದಿನವಿಡೀ ಡ್ರೈವರುಗಳ ಜೊತೆ ಕೂಗಾಡಿ ಸಂಜೆ ಏಕಸಂಬಿಯ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲು ಪಡುವಣದ ಕಡೆ ಒಮ್ಮೆ ನೋಡುತ್ತಿದ್ದ. ಹೊತ್ತು ಮುಳುಗುವುದರೊಳಗೆ ಅಡಿಗೆಯಾಗಿ ಊಟ ಮುಗಿಯಬೇಕು. ಅವರದು ಜೈನರ ಮನೆ, ಕತ್ತಲಾದ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ಅಷ್ಟರೊಳಗೇ ಹಿತ್ತಲಿನ ಗಿಡಗಳಿಗೆ ನೀರೂ ಆಗಬೇಕು.

ಮದುವೆಯಾದಾಗಿನಿಂದ ಈ ಎರಡೂ ಕೆಲಸ ಅವನ ಹೆಂಡತಿ ಜಿನಮತಿಯದಾಗಿದ್ದವು. ಮಾಡುತ್ತಿದ್ದಾಳೆ ಎಂಬುದು ಯಾರಿಗೂ ಗೊತ್ತಾಗದ ಹಾಗೆ ಮಾಡಿ ಮುಗಿಸುತ್ತಿದ್ದಳು. ಹೋದ ವರ್ಷ ಮಿರಜದಲ್ಲಿ ಅವಳ ಎದೆಯ ಆಪರೇಶನ್ ಆಯಿತು. ಬಲಗಂಕುಳಿನ ಗಂಟುಗಳನ್ನೂ ತೆಗೆದರು. ಗಾಯ ಮಾಯಿತು, ಉದುರಿದ ಕೂದಲು ಮತ್ತೆ ಬಂತು, ಆದರೆ ಬಲಗೈ ಬಾತದ್ದು ಇಳಿಯಲಿಲ್ಲ. ಮುಂಗೈಯಿಂದ ರಟ್ಟೆಯವರೆಗೆ ಬಿಗಿಯಾದ ಎಲಾಸ್ಟಿಕ್ ಗವಸೊಂದನ್ನು ಅವಳು ಹಗಲೆಲ್ಲ ಹಾಕಿಕೊಂಡಿರಬೇಕಾಗಿತ್ತು. ಹಗುರ ಕೆಲಸ ಮಾಡಿ, ಕೈ ಆಡಿಸುತ್ತಿರಿ, ಭಾರ ಮಾತ್ರ ಎತ್ತಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಆ ಮನೆಯಲ್ಲಿ ಹಗುರ ಕೆಲಸ ಅನ್ನುವಂಥದ್ದು ಯಾವುದೂ ಇರಲಿಲ್ಲ. ಕೊಡ ಭಾರ, ಹಿಟ್ಟು ನಾದುವುದು ಭಾರ, ಬೇಳೆ ಬೇಯಿಸುವ ಪಾತ್ರೆ ಇಳಿಸುವುದೂ ಭಾರ. ಎಲ್ಲಕ್ಕಿಂತ ಭಾರ ಹಿತ್ತಲಿನ ಪೈಪು. ಅದು ಕಬ್ಬಿನ ಹೊಲದಲ್ಲಿ ಬಳಸಿ ಬಿಟ್ಟ ದಪ್ಪ ಪೈಪು. ನಳ ಇದ್ದದ್ದು ಬಚ್ಚಲಿನ ಮಗ್ಗುಲಿಗೆ. ಗಿಡಗಳು ಆಚೆ ಗೋಡೆಯವರೆಗೂ ಹಬ್ಬಿದ್ದವು. ಮಲ್ಲಿಗೆ, ಅಬ್ಬಲಿಗೆ, ನಿಂಬೆ, ಕರಿಬೇವು, ಪೇರಲ, ಗೋಡೆಗುಂಟ ಹೀರೇಬಳ್ಳಿ. ನೀರು ತುಂಬಿಕೊಂಡ ಆ ಪೈಪನ್ನು ಅಲ್ಲಿಯವರೆಗೆ ಒಯ್ಯುವುದೆಂದರೆ ಮಲಗಿದ ಎಮ್ಮೆಯನ್ನು ಕಿವಿ ಹಿಡಿದು ಎಳೆದಂತೆ.

ಈಗ ಅಡಿಗೆಯೂ ಪೈಪೂ ಮಹಾವೀರನ ಪಾಲಿಗೆ ಬಂದಿದ್ದವು. ಜಿನಮತಿ ಹಿತ್ತಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

"ಅಬ್ಬಲಿಗಿ ಬುಡಕ್ಕ ಸಾವಕಾಶ ಬಿಡ್ರಿ. ಮಣ್ಣ ಕೊಚ್ಚಿ ಹೊಂಟೈತಿ."

"ಹೂಂ."

"ನಿಂಬಿ ಗಿಡಕ್ಕ ಸಾಲಲಿಲ್ಲ."

"ಹೂಂ."

ಅವನು ಹೂಂ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಆಡಿದರೆ ಏನು ಬಂದೀತೋ ಎಂಬ ಅಂಜಿಕೆ ಅವನಿಗೇ ಇತ್ತು.

ಫೆಬ್ರವರಿ ಕೊನೆಯ ಒಂದು ಸಂಜೆ ಕಾರ್ಖಾನೆಯಲ್ಲಿ ತಡವಾಯಿತು. ಬಂದವನೇ ಒಲೆಯ ಮೇಲೆ ಬೇಳೆಯಿಟ್ಟು ನೀರು ಬಿಡಲು ಹೋದ. ಪೈಪು ಪೇರಲ ಗಿಡಕ್ಕೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಬೇಳೆ ತಳ ಹತ್ತಿ ಮನೆಯೆಲ್ಲ ಹೊಗೆಯಾಗಿತ್ತು. ಒಂಟಿಕೈಯಲ್ಲಿ ಪಾತ್ರೆ ಇಳಿಸಲು ಹೋದ ಜಿನಮತಿ ಅದನ್ನು ನೆಲಕ್ಕೆ ಚೆಲ್ಲಿದ್ದಳು. ಇನ್ನೊಂದು ಸಲ ಇಡಬೇಕೆಂದರೆ ಹೊತ್ತು ಮುಳುಗಿತ್ತು. ಆ ದಿನ ಇಬ್ಬರೂ ಹಸಿದುಕೊಂಡೇ ಮಲಗಿದರು. ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಹಾವೀರನಿಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಜಿನಮತಿ ಹೇಳಿದಳು: "ನನಗ ಹಗೂರಂದ ಒಂದ ಪೈಪ್ ತಂದ ಕೊಡ್ರಿ. ಗಿಡಕ್ಕ ನೀರ ನಾನ ಬಿಡ್ತೀನಿ."

ಅಥಣಿಗೆ ಕೊಟ್ಟ ಮಗಳು ಮಯೂರಿಗೆ ಫೋನ್ ಮಾಡಿದರು. ಅವಳು ಫೋನಿನಲ್ಲೇ ಹುಡುಕಿ ಒಂದನ್ನು ಕಳಿಸಿದಳು. ಬಟ್ಟೆ ಹೊದಿಸಿದ ಪೈಪು, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಗಂಟು. ನೀರು ಬಂದರೆ ತಾನೇ ಉದ್ದವಾಗುತ್ತದೆ, ನಿಂತರೆ ತಾನೇ ಕುಗ್ಗುತ್ತದೆ. ಜಿನಮತಿ ಮೊದಲ ದಿನ ಅದನ್ನು ಹಿಡಿದು ಮಲ್ಲಿಗೆಯವರೆಗೆ ಹೋಗಿ ಬಂದಳು. ವಾರ ತುಂಬುವುದರೊಳಗೆ, ಬಿಸಿಲಲ್ಲಿ ನಳ ತೆರೆದಿಟ್ಟು ಒಳಗೆ ಹೋಗಿದ್ದಾಗ, ಅದು ನಡುವೆ ಪಟ್ಟನೆ ಒಡೆದು ಬಟ್ಟೆಯೊಳಗಿಂದ ಕಾರಂಜಿಯಾಗಿ ಹಾರಿತು.

ಆಮೇಲೆ ಮಹಾವೀರ ಊರಿನ ಅಂಗಡಿಯಲ್ಲೇ ತೆಳ್ಳನೆಯ ಹಸಿರು ಪೈಪು ತಂದ. ಹಗುರವೇನೋ ಇತ್ತು. ಆದರೆ ತಿರುವಿನಲ್ಲೆಲ್ಲ ಮಡಚಿಕೊಂಡು ನೀರು ನಿಲ್ಲುತ್ತಿತ್ತು. ಮಡಿಕೆ ಬಿಡಿಸಲು ಹಿಂದಕ್ಕೆ ಹೋದರೆ ಮುಂದೆ ಇನ್ನೊಂದು ಮಡಿಕೆ. ಜಿನಮತಿ ಆಚೆ ಈಚೆ ಓಡಾಡಿ ಕೊನೆಗೆ ಅದನ್ನು ಕೈಬಿಟ್ಟು ಮೆಟ್ಟಿಲ ಮೇಲೆ ಕೂತಳು. ಮಹಾವೀರ ಮತ್ತೆ ಹೊಲದ ಪೈಪನ್ನು ಎಳೆದುಕೊಂಡು ಬಂದ.

"ಎರಡೂ ನನ್ನ ಕೈಯಾಗ ಹಿಡಿಸಿ ನೋಡದ ತಂದಿದ್ದು," ಎಂದಳು ಅವಳು. "ರವಿವಾರ ಚಿಕ್ಕೋಡಿಗೆ ನಾನೂ ಬರ್ತೀನಿ."

ಮಹಾವೀರ ನೀರು ಬಿಡುತ್ತಿದ್ದವನು ತಿರುಗಿ ನೋಡಿದ. ಆಪರೇಶನ್ ಆದಾಗಿನಿಂದ ಅವಳು ಪೇಟೆಗೆ ಕಾಲಿಟ್ಟಿರಲಿಲ್ಲ. ಬಸದಿಗೆ ಹೋದರೂ ನಸುಕಿನಲ್ಲೇ, ಬಲಗೈಗೆ ಸೆರಗು ಸುತ್ತಿಕೊಂಡು. ಯಾರಾದರೂ ಕೇಳಿದರೆ ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಮಹಾವೀರ ಹೇಳುತ್ತಿದ್ದ. ಮನೆಯೊಳಗೂ ಅವರು ಆ ರೋಗವನ್ನು ಗಡ್ಡೆ ಎನ್ನುತ್ತಿದ್ದರೇ ಹೊರತು ಇನ್ನೊಂದು ಹೆಸರು ಹಿಡಿಯುತ್ತಿರಲಿಲ್ಲ.

ಚಿಕ್ಕೋಡಿಯಲ್ಲಿ ಪೈಪು, ಪಂಪುಗಳ ಅಂಗಡಿಯಿಟ್ಟಿದ್ದ ರಾಜಾರಾಮ ಹಳೆಯ ಪರಿಚಯದವನು.

"ಬರ್ರಿ ಮಹಾವೀರಣ್ಣಾ. ವೈನಿ, ಬಸಾ ಬಸಾ," ಎಂದು ಮರಾಠಿ ಬೆರೆಸಿ ಕರೆದು, ಜಿನಮತಿ ಕೂಡಲು ಸ್ಟೂಲು ಎಳೆದ.

"ಹಗೂರ ಪೈಪ್ ಬೇಕಾಗೇತ್ರಿ," ಎಂದ ಮಹಾವೀರ. "ಇಕಿ ಹಿಡೀಬೇಕು. ಭಾಳ ಹಗೂರ ಇರಬೇಕು."

ರಾಜಾರಾಮನ ಕಣ್ಣು ಒಮ್ಮೆ ಅವಳ ಸೆರಗಿನ ಮೇಲೆ ಹೋಗಿ ಬಂತು. ಅವನು ಸುರುಳಿಗಳನ್ನು ಇಳಿಸಿ ನೆಲಕ್ಕಿಟ್ಟ.

"ಇದ ಮುಕ್ಕಾಲ ಇಂಚಂದು, ನಡುವ ನೂಲ ಹೆಣದಾರ. ಮಡಚಂಗಿಲ್ಲ, ಬಿಸಿಲಿಗೆ ಬಿರಿಯಂಗಿಲ್ಲ. ಇದೂ ಹಂತಾದ್ದ, ಆದ್ರ ಅರ್ಧ ಇಂಚಿಂದು. ಇದ ನೋಡ್ರಿ, ಚಪ್ಪಟಿದು. ಪಟ್ಟಿ ಸುತ್ತಿದಂಗ ಸುತ್ತಿ ಇಡಬಹುದು."

ಮಹಾವೀರ ಒಂದೊಂದನ್ನೂ ಎತ್ತಿ ನೋಡಿದ. ಚಪ್ಪಟೆಯದು ಅವನಿಗೆ ಹಿಡಿಸಿತು. "ಇದನ್ನ ತಗೋಣು. ಇದರಾಗ ಭಾರನ ಇಲ್ಲ."

"ಖಾಲಿ ಇದ್ದಾಗ ಎಲ್ಲಾನೂ ಹಗೂರನ," ಎಂದಳು ಜಿನಮತಿ. "ನೀರ ತುಂಬಿ ಕೊಡ್ರಿ. ಹಿಡದ ನೋಡ್ತೀನಿ."

ರಾಜಾರಾಮ ತಲೆ ಕೆರೆದುಕೊಂಡ. "ವೈನಿ, ಅಂಗಡಿಯಾಗ ಯಾರೂ ನೀರ ತುಂಬಿ ನೋಡಂಗಿಲ್ರಿ."

"ನೋಡ್ಬೇಕಾಗೇತಿ ನನಗ."

ಅಂಗಡಿಯ ಮುಂದೆ ಪಂಪು ಪರೀಕ್ಷಿಸಲು ಒಂದು ನಳವಿತ್ತು. ರಾಜಾರಾಮ ಗೊಣಗದೆ ಚಪ್ಪಟೆ ಪೈಪನ್ನು ಅದಕ್ಕೆ ಸಿಗಿಸಿದ. ಅದರ ಸುರುಳಿಯನ್ನು ಪೂರ್ತಿ ಬಿಚ್ಚಿ ರಸ್ತೆಗುಂಟ ಹಾಸುವ ತನಕ ನೀರು ಮುಂದೆ ಬರಲಿಲ್ಲ. ಬಂದ ಮೇಲೆ ಅದು ಬಡಿಗೆಯಂತೆ ಸೆಟೆದು ನಿಂತಿತು. ಜಿನಮತಿ ತಲೆಯಲ್ಲಾಡಿಸಿದಳು. ಮುಕ್ಕಾಲು ಇಂಚಿನದನ್ನು ಎಡಗೈಯಲ್ಲಿ ಎತ್ತಿ ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು. ಕಪ್ಪು ಬಣ್ಣದ ಅರ್ಧ ಇಂಚಿನದನ್ನು ಹಿಡಿದಾಗ ಅದರ ನಡುಭಾಗವನ್ನು ಎತ್ತಿಕೊಳ್ಳಲು ಬಲಗೈಯೂ ಬೇಕಾಯಿತು. ಕೈ ಚಾಚಿದಾಗ ಸೆರಗು ಜಾರಿತು. ಬಾತ ಕೈ, ಅದರ ಮೇಲಿನ ಚರ್ಮಬಣ್ಣದ ಗವಸು, ಎಲ್ಲ ನಡುಪೇಟೆಯ ಬಿಸಿಲಿಗೆ ಬಿದ್ದವು. ಮಹಾವೀರ ಸೆರಗು ಹೊದಿಸಲು ಮುಂದೆ ಬಂದ. ಅವಳು ಪೈಪು ಹಿಡಿದು ಆಗಲೇ ನಡೆದಿದ್ದಳು.

"ಜಿನಮತಿಯಕ್ಕಾ! ಎಷ್ಟ ದಿನಾತು ನಿನ್ನ ನೋಡಿ!"

ಸಂತೆಯ ಚೀಲ ಹಿಡಿದು ನಿಂತವಳು ಗಿರಿಜವ್ವ, ಅವರ ಓಣಿಯಲ್ಲೇ ಮೊದಲಿದ್ದವಳು, ಈಗ ಅಕ್ಕೋಳದಲ್ಲಿ ಮಗನ ಮನೆಯಲ್ಲಿದ್ದಳು. ಅವಳ ಕಣ್ಣು ನೇರ ಕೈಯ ಮೇಲೆ ಹೋಯಿತು. "ಯವ್ವಾ, ಇದೇನಾತ ಕೈಗೆ?"

"ಬಚ್ಚಲದಾಗ ಬಿದ್ದ..." ಎಂದು ಮಹಾವೀರ ಶುರು ಮಾಡಿದ.

"ಬಿದ್ದಿಲ್ಲ ಗಿರಿಜವ್ವಾ," ಎಂದಳು ಜಿನಮತಿ. "ಕ್ಯಾನ್ಸರ್ ಆಗಿತ್ತು. ಒಂದ ಎದಿ ತಗದಾರ. ಅದಕ್ಕ ಕೈ ಬಾತೈತಿ."

ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕಿಕೊಂಡು ಹೋಯಿತು. ಗಿರಿಜವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ರಾಜಾರಾಮ ನಳದ ತಿರುಪನ್ನು ಸುಮ್ಮನೆ ಬಿಗಿಗೊಳಿಸತೊಡಗಿದ.

"ಮತ್ತ ಈಗ?" ಗಿರಿಜವ್ವ ಮೆಲ್ಲಗೆ ಕೇಳಿದಳು.

"ಈಗ ಗಿಡಕ್ಕ ನೀರ ಬಿಡಾಕ ಪೈಪ್ ನೋಡಾಕತ್ತೀನಿ."

ಗಿರಿಜವ್ವ ಸ್ವಲ್ಪ ಹೊತ್ತು ಪೈಪಿನ ಕಡೆ, ಸ್ವಲ್ಪ ಹೊತ್ತು ಜಿನಮತಿಯ ಕಡೆ ನೋಡಿದಳು. ಕೊನೆಗೆ ಚೀಲ ಕೆಳಗಿಟ್ಟು, "ಆ ಕಪ್ಪ ಬಣ್ಣದ್ದ ಬ್ಯಾಡಕ್ಕಾ. ಬಿಸಿಲಿಗೆ ಕಾದ್ರ ಕೈ ಸುಡತೈತಿ. ನಮ್ಮ ಮನ್ಯಾಗೈತಿ, ನನಗ ಗೊತ್ತ," ಎಂದಳು.

ಜಿನಮತಿ ನಕ್ಕಳು. ಅರ್ಧ ಇಂಚಿನದರಲ್ಲೇ ಹಳದಿ ಬಣ್ಣದ್ದನ್ನು ಆರಿಸಿದಳು. ಪೈಪಿನ ತುದಿಗೆ ರಾಜಾರಾಮ ಕೊಡಲು ಬಂದ ಹಿತ್ತಾಳೆಯ ಮೂತಿಯನ್ನು ಬೇಡವೆಂದಳು, ಬೆರಳಿನಿಂದ ಒತ್ತಿ ಹಿಡಿಯಬೇಕಾದದ್ದನ್ನೂ ಬೇಡವೆಂದಳು. ಒಮ್ಮೆ ತಿರುವಿ ಬಿಟ್ಟರೆ ಸಾಕಾಗುವ ಪ್ಲಾಸ್ಟಿಕ್ ಮೂತಿ ಹಿಡಿಸಿತು. ಹಿತ್ತಲ ಕೊನೆಯವರೆಗೆ ಮುಟ್ಟುವಷ್ಟು ಉದ್ದ ಅಳೆಯಲು ಹೋದ ರಾಜಾರಾಮನನ್ನೂ ತಡೆದಳು.

"ಅಷ್ಟ ಉದ್ದ ಇದ್ರ ಮತ್ತ ವಜ್ಜಾನ ಆಗತೈತಿ. ಅರ್ಧ ಸಾಕು. ನಳಾನ ಗಿಡದ ಹಂತ್ಯಾಕ ಸರಸ್ತೀವಿ."

ಇಷ್ಟು ದಿನ ನಳ ಸರಿಸುವ ವಿಚಾರ ತನಗೆ ಯಾಕೆ ಹೊಳೆಯಲಿಲ್ಲ ಎಂದು ಮಹಾವೀರ ನಿಂತಲ್ಲೇ ಯೋಚಿಸಿದ. ಯೋಚಿಸಲು ಅವನಿಗೆ ಪುರುಸೊತ್ತೇ ಇರಲಿಲ್ಲ. ಪುರುಸೊತ್ತು ಸಿಕ್ಕಾಗ ನಿದ್ದೆ ಬರುತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಪೈಪಿನ ಸುರುಳಿ ಅವನ ತೊಡೆಯ ಮೇಲಿತ್ತು. ಕಿಟಕಿಯಾಚೆ ಕಟಾವು ಮುಗಿದ ಕಬ್ಬಿನ ಹೊಲಗಳಲ್ಲಿ ಒಣಗರಿಗಳ ರವದಿಗೆ ಬೆಂಕಿ ಹಚ್ಚಿದ್ದರು.

"ನೀ ಆ ಶಬ್ದ ಅಂತೀ ಅಂತ ಅನಕೊಂಡಿರಲಿಲ್ಲ," ಎಂದ.

"ನೀವ್ ಊರಿಗೆಲ್ಲಾ ಬಿದ್ದಾಳ, ಬಿದ್ದಾಳ ಅಂತ ಹೇಳ್ಕೋತ ಬಂದ್ರಿ. ಮಂದಿ ಬಂದ, ನೋಡಿ ನಡೀಬಾರದೇನು ಅಂತ ನನಗ ಬುದ್ಧಿ ಹೇಳಿ ಹ್ವಾದ್ರು. ಕೇಳಿ ಕೇಳಿ ಸಾಕಾಗಿತ್ತು."

ಮಹಾವೀರ ಹಳ್ಳದ ಸೇತುವೆ ದಾಟಿದ ಮೇಲೆ, ಹೇಳಬೇಕೆಂದು ಅಂದುಕೊಂಡಿರದಿದ್ದರೂ, ಹೇಳಿದ:

"ಜಿನಮತಿ, ನನಗ ದಣಿವಾಗೈತಿ."

ಅವಳು ಅವನ ಕಡೆ ತಿರುಗಿದಳು.

"ಗಿಡಾ ಕಂಡ್ರ ಸಿಟ್ಟ ಬರತೈತಿ. ಒಂದೊಂದ ದಿನಾ ಎಲ್ಲಾ ಒಣಗಿ ಹೋಗ್ಲಿ ಅನಸ್ತೈತಿ. ನಿನಗ ಹ್ಯಾಂಗ ಹೇಳಲಿ ಇದನ್ನ?"

"ಹೇಳೂದೇನೈತಿ? ನೀವ್ ಬಿಟ್ಟ ನೀರ ಗಿಡಕ್ಕ ಬೈದಂಗ ಬೀಳ್ತಿತ್ತು. ನನಗ ಕಾಣ್ತಿರಲಿಲ್ಲೇನು?" ಆಮೇಲೆ ಅಂದಳು, "ನನಗೂ ದಣಿವಾಗೈತ್ರಿ. ಕುಂತ ಕುಂತ."

ಊರು ಬಂದಾಗ ಮಹಾವೀರ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಅವಳ ಹಿಂದೆ ಇಳಿದ.

ನಳದ ಕೆಲಸ ಮಾಡುವ ಅಮೋಘಸಿದ್ದ ಇವತ್ತು, ನಾಳೆ ಎಂದು ಸತಾಯಿಸಿ ಕೊನೆಗೊಂದು ದಿನ ಬಂದ. ಬಚ್ಚಲಿನಿಂದ ಕೊಳವೆ ಎಳೆದು ಕರಿಬೇವಿನ ಗಿಡದ ಹತ್ತಿರ ಹೊಸ ನಳ ಕೂಡಿಸಿದ. ಅದು ಜಿನಮತಿಯ ಸೊಂಟದ ಎತ್ತರಕ್ಕಿತ್ತು, ಬಗ್ಗುವ ಪ್ರಮೇಯವಿರಲಿಲ್ಲ.

ಆ ಸಂಜೆ ಮಹಾವೀರ ಒಳಗೆ ಹಿಟ್ಟು ನಾದುತ್ತಿದ್ದ. ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ಜಿನಮತಿ ಎಡಗೈಯಲ್ಲಿ ಮೂತಿ ಹಿಡಿದು, ಬಲಗೈಯನ್ನು ಪೈಪಿನ ಮೇಲೆ ಸುಮ್ಮನೆ ಇಟ್ಟುಕೊಂಡು, ಮಲ್ಲಿಗೆಯ ಬುಡದಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ ಅಬ್ಬಲಿಗೆ. ಆಮೇಲೆ ನಿಂಬೆ. ಅವನು ಮಾಡುತ್ತಿದ್ದುದಕ್ಕಿಂತ ದುಪ್ಪಟ್ಟು ಹೊತ್ತು ಹಿಡಿಯಿತು. ಪೇರಲ ಗಿಡದ ಹತ್ತಿರ ಹೋಗುವಷ್ಟರಲ್ಲಿ ಅವಳ ಭುಜ ಇಳಿಬಿದ್ದದ್ದು ಕಂಡಿತು. ಮೂತಿ ತಿರುವಿ ನೀರು ನಿಲ್ಲಿಸಿ ಅಲ್ಲೇ ಕಲ್ಲಿನ ಮೇಲೆ ಕೂತಳು. ಕೈ ಮೇಲೆತ್ತಿ ಬೆರಳುಗಳನ್ನು ಮಡಚಿ ಬಿಚ್ಚಿ ಮಾಡತೊಡಗಿದಳು.

ಮಹಾವೀರ ಹಿಟ್ಟಿನ ಕೈಯಲ್ಲೇ ಹೊರಗೆ ಬಂದ. "ಕೊಡ ಇಲ್ಲಿ. ಉಳದದ್ದ ನಾ ಬಿಡ್ತೀನಿ."

"ಬ್ಯಾಡ್ರಿ. ಆ ಕಡಿ ಗಿಡಕ್ಕ ನಾಳೆ ಬಿಡ್ತೀನಿ. ಒಂದ ದಿನಾ ಬಿಟ್ಟ ಒಂದ ದಿನಾ ನೀರ ಹಾಕಿದ್ರ ಸಾಕು."

ಅವನು ನಿಂತುಕೊಂಡ. ವರ್ಷದಿಂದ ದಿನಾ ಸಂಜೆ ಎಲ್ಲ ಗಿಡಕ್ಕೂ ನೀರು ಎಳೆದಿದ್ದ. "ಸಾಕಂದ್ರ? ಮೊದಲ ಯಾಕ ಹೇಳಲಿಲ್ಲ?"

"ನಾನೂ ದಿನಾ ಬಿಡ್ತಿದ್ನಿ ಅಲ್ರಿ. ಅದ ಗಿಡಕ್ಕ ಬೇಕಾಗಿ ಅಲ್ಲ. ಹಿತ್ತಲಕ್ಕ ಬಂದ ತಾಸೊತ್ತ ನಿಲ್ಲೂದು ನನಗ ಬೇಕಾಗಿತ್ತು." ಅವಳು ಬೆರಳು ಆಡಿಸುವುದನ್ನು ನಿಲ್ಲಿಸಿದಳು. "ನಾ ಸುಮ್ಮನ ಕೂಡೂ ಹಂಗಾದ ಮ್ಯಾಲ, ನೀವು ಬಿಡೂದನ್ನರೆ ದಿನಾ ನೋಡ್ಬೇಕು ಅನಸ್ತಿತ್ತು. ನಿಮಗ ಭಾರ ಆಗತೈತಿ ಅಂತ ಗೊತ್ತಿದ್ರೂ ಹೇಳಲಿಲ್ಲ. ತಪ್ಪ ನಂದೂ ಐತಿ."

ಅವನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಸಿಟ್ಟಿಗೂ ಅಷ್ಟಿಷ್ಟು ಶಕ್ತಿ ಬೇಕು. ಹಿಟ್ಟು ಮೆತ್ತಿದ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಅವಳ ಪಕ್ಕದ ಒಣ ನೆಲದ ಮೇಲೆ ಕೂತ. ನೀರು ಕುಡಿದ ಮಣ್ಣಿನಿಂದ ಸಣ್ಣಗೆ ಆವಿ ಏಳುತ್ತಿತ್ತು. ಒಳಗೆ ಹೋಗಿ ರೊಟ್ಟಿ ಬಡಿಯಬೇಕು ಎಂದುಕೊಂಡ. ಬೆನ್ನು ಗೋಡೆಗೆ ತಾಗಿದ್ದೇ ತಡ, ಕಣ್ಣು ಮುಚ್ಚಿಕೊಂಡವು.

ಜಿನಮತಿ ಅವನನ್ನು ಎಬ್ಬಿಸಲಿಲ್ಲ. ಎದ್ದು ಒಳಗೆ ಹೋಗಿ, ಬೆಳಗಿನ ಅನ್ನಕ್ಕೆ ಮೊಸರು ಕಲಸಿ, ಎರಡು ತಟ್ಟೆಗಳಲ್ಲಿ ಹಾಕಿ, ಎಡಗೈಯಲ್ಲಿ ಒಂದೊಂದಾಗಿ ಹಿತ್ತಲಿಗೇ ತಂದಿಟ್ಟಳು. ಹೊತ್ತು ಮುಳುಗುವ ಮೊದಲೇ ಅವನ ಭುಜ ಅಲುಗಿಸಿ, "ಏಳ್ರಿ," ಎಂದಳು. "ಉಂಡ ಮಲಗ್ರಿ."