ಮೇಷ್ಟ್ರ ದನಿಗೆ ನಡೆದ ಕುದುರೆಗಳು

“ಒಂದೇ ಒಂದು ಸಲ ನನ್ನ ಹಾಗೆ ‘ನಡೀ’ ಅಂತ ಹೇಳಮ್ಮ. ನಿನ್ನ ಗಂಟೇನು ಹೋಗುತ್ತೆ?”

ಮೇಷ್ಟ್ರ ಮಾತು ತೂತು ಬಿದ್ದ ತಿದಿಯ ಉಸಿರಿನಂತೆ ಹೊರಟಿತು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಉಳಿದದ್ದು ಅಷ್ಟೇ. ಮಗಳಿಗೆ ಅರ್ಥವಾಗುತ್ತಿತ್ತು. ಆದರೂ ಅವಳು ತಲೆಯೆತ್ತದೆ ಮುದಿ ಕುದುರೆ ಬೂದಿಯ ಹೊಟ್ಟೆಗೆ ಜೀನಿನ ಪಟ್ಟಿ ಬಿಗಿಯುತ್ತಲೇ ಇದ್ದಳು.

“ನಾನು ಹೇಳಲ್ಲ ಅಪ್ಪ. ಕುದುರೆ ನೋಡೋಕೆ ಬರ್ತಾರಲ್ಲ, ಅವರ ಮಗುನೇ ನಡೆಸಲಿ. ನಡೆಸಿದರೆ ಕರ್ಕೊಂಡು ಹೋಗ್ತಾರೆ. ಇಲ್ಲ ಅಂದ್ರೆ ಇಲ್ಲ.”

“ಇಲ್ಲ ಅಂದ್ರೆ ಲಾರಿ.”

“ಗೊತ್ತು.”

ಯಾವ ಲಾರಿ ಎಂದು ಆ ಲಾಯದಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಅದು ದಲ್ಲಾಳಿಯದು. ಇಲ್ಲಿಂದ ಹೊರಟರೆ ನಿಲ್ಲುತ್ತಿದ್ದದ್ದು ಕಸಾಯಿಖಾನೆಯ ಹಿಂಬಾಗಿಲಲ್ಲಿ. ಮೊದಲು ಅದರಲ್ಲಿ ಹೋದದ್ದು ಗುಡುಗು. ಹೆಸರು ಗುಡುಗಾದರೂ ಮಕ್ಕಳು ಬಾಲ ಹಿಡಿದು ಜೋತುಬಿದ್ದರೆ ಕಣ್ಣು ಮುಚ್ಚಿ ನಿಲ್ಲುವಂಥ ಸಾಧು. ಆಮೇಲೆ ಒಕ್ಕಣ್ಣ. ಅದರ ಹಿಂದೆ ಗಿಡ್ಡ ಟಟ್ಟು ಗೋಲಿ. ಆ ಮೂರರ ಜಾಗದಲ್ಲಿ ಈಗ ಮಗಳು ತಂದ ಮೂರು ಹೊಸ ಕುದುರೆಗಳು ಹುಲ್ಲು ಮೇಯುತ್ತಿದ್ದವು. ಹಳೆಯವುಗಳಲ್ಲಿ ಉಳಿದದ್ದು ಬೂದಿಯೊಂದೇ.

ಮೇಷ್ಟ್ರ ದನಿ ಹೋದ ಮೇಲೆ ಅವು ಯಾರ ಕಾಲಿಗೂ ಕದಲದೆ ನಿಂತರೆ ತಪ್ಪು ಕುದುರೆಗಳದಲ್ಲ. ಮೇಷ್ಟ್ರು ಸವಾರಿಯ ಪಾಠ ಹೇಳುತ್ತಿದ್ದ ರೀತಿಯೇ ಹಾಗಿತ್ತು. ಅಂಗಳದ ನಟ್ಟನಡುವೆ ನಿಂತು “ನಡೀ...” ಎಂದು ರಾಗ ಎಳೆದರೆ ಕುದುರೆಗಳು ನಡೆಯುತ್ತಿದ್ದವು. “ಓಡೋಡು” ಎಂದರೆ ಕುಕ್ಕುಲೋಟ. “ಸಾಕು” ಎಂದರೆ ಕಾಲು ಕೀಲಿಸಿದ ಹಾಗೆ ನಿಲ್ಲುತ್ತಿದ್ದವು. ಮೇಲೆ ಕೂತ ಮಗುವಿನ ಹಿಮ್ಮಡಿ ಕುದುರೆಯ ಪಕ್ಕೆಗೆ ತಾಗುವಷ್ಟರಲ್ಲಿ ಕುದುರೆ ನಾಲ್ಕು ಹೆಜ್ಜೆ ಮುಂದಿರುತ್ತಿತ್ತು. ಬೇಲಿಯಾಚೆ ನಿಂತ ತಂದೆತಾಯಿ ಚಪ್ಪಾಳೆ ತಟ್ಟುತ್ತಿದ್ದರು. ಸೇರಿದ ವಾರಕ್ಕೇ ಮಕ್ಕಳು ಕುದುರೆ ಓಡಿಸುತ್ತಾರೆ ಎಂದು ಶಾಲೆಗೆ ಒಳ್ಳೆಯ ಹೆಸರು. ಬೆನ್ನ ಮೇಲಿನದನ್ನು ಕುದುರೆಗಳು ಮೂಟೆಯೆಂದೇ ತಿಳಿದಿದ್ದವು.

ಮಗಳೂ ಅಂಥ ಒಂದು ಮೂಟೆಯಾಗಿಯೇ ಬೆಳೆದಳು. ತನ್ನಂಥ ಸವಾರಳಿಲ್ಲ ಎಂದುಕೊಂಡು ದೂರದ ಇನ್ನೊಂದು ಶಾಲೆಗೆ ಕೆಲಸಕ್ಕೆ ಹೋದಳು. ಅಲ್ಲಿನ ಕುದುರೆ ಅವಳ ಕೆಳಗೆ ಕಂಬದಂತೆ ನಿಂತುಬಿಟ್ಟಿತು. ಚಿಕ್ಕ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ ಮಕ್ಕಳ ಸಾಲಿನಲ್ಲೇ ನಿಂತು ಮೊದಲ ಪಾಠದಿಂದ ಕಲಿತು ಬಂದವಳು ಅಪ್ಪನಿಗೆ ಹೇಳಿದ್ದು ಒಂದೇ ಮಾತು. “ಅಷ್ಟು ವರ್ಷ ಸವಾರಿ ಮಾಡಿದ್ದು ನೀನು. ನಾನು ಸುಮ್ನೆ ಮೇಲೆ ಕೂತಿದ್ದೆ.” ಶಾಲೆ ಅವಳ ಕೈಗೆ ಬಂದ ದಿನದಿಂದ ಅಂಗಳದಲ್ಲಿ ಕುದುರೆಯೊಂದಿಗೆ ಯಾರೂ ಬಾಯಿ ಬಿಡುವಂತಿಲ್ಲ.

ಕುದುರೆ ನೋಡಲು ಹಲ್ಲಿನ ಡಾಕ್ಟರಮ್ಮ ತಮ್ಮ ಪುಟ್ಟ ಮಗಳನ್ನು ಕರೆದುಕೊಂಡು ಹೇಳಿದ ಹೊತ್ತಿಗೇ ಬಂದರು. ಮನೆಯ ಹಿಂದೆ ಎರಡೆಕರೆ ಹುಲ್ಲು ಸುಮ್ಮನೆ ಬೆಳೆಯುತ್ತಿದೆಯಂತೆ. ಮಗುವಿಗೊಂದು ವಯಸ್ಸಾದ, ತಂಟೆ ಮಾಡದ ಕುದುರೆ ಬೇಕಿತ್ತು. ಬೂದಿಯ ತುಟಿ ಸರಿಸಿ ಹಲ್ಲು ನೋಡಿ, “ನನ್ನ ರೋಗಿಗಳೂ ಇಷ್ಟು ಸುಮ್ನೆ ಬಾಯಿ ತೆರೆದರೆ ಎಷ್ಟು ಚೆನ್ನಾಗಿತ್ತು” ಎಂದು ನಕ್ಕರು.

ಹುಡುಗಿ ಜೀನು ಹತ್ತಿ ಕಾಲು ಒತ್ತಿದಳು. ಬೂದಿ ನಿಂತಿತ್ತು.

“ಇನ್ನೂ ಸ್ವಲ್ಪ ಒತ್ತು ಪುಟ್ಟಿ,” ಎಂದಳು ಮೇಷ್ಟ್ರ ಮಗಳು.

ಹುಡುಗಿ ಒತ್ತಿದಳು, ಒದ್ದಳು, ಕೊನೆಗೆ ಜೀನಿನ ಮೇಲೇ ಕುಣಿದಳು. ಬೂದಿಗೆ ಹಟವೇನೂ ಇರಲಿಲ್ಲ. ಅದರ ಒಂದು ಕಿವಿ ಮಾತ್ರ ಬೇಲಿಯ ಬಳಿ ನಿಂತಿದ್ದ ಮೇಷ್ಟ್ರ ಕಡೆಗೆ ತಿರುಗಿತ್ತು. ಮೇಷ್ಟ್ರು ಬೇಲಿಯ ಮರವನ್ನು ಎರಡು ಕೈಯಲ್ಲೂ ಹಿಡಿದು, ಹೊಟ್ಟೆಯಾಳದಿಂದ ಉಸಿರೆಳೆದು, ಬಾಯಿ ತೆರೆದರು. ಶಸ್ತ್ರಚಿಕಿತ್ಸೆಯ ತೂತು ಮುಚ್ಚಿದ್ದ ಕತ್ತಿನ ಬಟ್ಟೆ ಒಮ್ಮೆ ಉಬ್ಬಿ ಇಳಿಯಿತು. ಬೂದಿ ಕಿವಿಯನ್ನು ಇನ್ನಷ್ಟು ಚಾಚಿತು. ಏನೂ ಕೇಳಿಸದೆ ಮತ್ತೆ ಕಾಯುತ್ತ ನಿಂತಿತು.

ಮೇಷ್ಟ್ರು ಮಗಳತ್ತ ನೋಡಿದರು. ಅವಳು ಹುಡುಗಿಯ ಹಿಮ್ಮಡಿಯನ್ನೇ ನೋಡುತ್ತಿದ್ದಳು.

“ಪಾಪ, ಸುಸ್ತಾಗಿದೆ ಅನಿಸುತ್ತೆ,” ಎಂದರು ಡಾಕ್ಟರಮ್ಮ. “ಕಾಲಲ್ಲಿ ನೋವಿರಬಹುದಾ?”

“ನೋವಿಲ್ಲ ಮೇಡಂ. ಅದಕ್ಕೆ ಕಾಲಿನ ಮಾತು ಗೊತ್ತಾಗಲ್ಲ,” ಎಂದಳು ಮಗಳು. “ಸುಳ್ಳು ಹೇಳಿ ಕಳಿಸೋಕೆ ನನಗೆ ಇಷ್ಟ ಇಲ್ಲ. ಮನೆಗೆ ಹೋದ ಮೇಲೆ ನಿಮ್ಮ ಮಗಳು ಅಳ್ತಾಳೆ.”

ಡಾಕ್ಟರಮ್ಮ ಹುಡುಗಿಯನ್ನು ಇಳಿಸಿಕೊಂಡರು. ಹೋಗುವ ಮುಂಚೆ ಹುಡುಗಿ ಹೊಸ ಕುದುರೆಗಳಲ್ಲಿ ಕಂದು ಬಣ್ಣದ್ದನ್ನು ತೋರಿಸಿ ಅದನ್ನ ಕೊಡ್ತಾರಾ ಎಂದು ಕೇಳಿದಳು.

“ಹುಲ್ಲು ಮೇಯೋಕೆ ಕಾಲಿನ ಮಾತು ಯಾಕೆ ಬೇಕಿತ್ತು?” ಕಾರು ಮರೆಯಾದ ಮೇಲೆ ಮೇಷ್ಟ್ರು ಉಸಿರಿನಲ್ಲೇ ಕೇಳಿದರು.

“ಸವಾರಿಗೆ ಅಂತ ಕೇಳಿದೋರಿಗೆ ಹುಲ್ಲು ಮೇಯೋಕೆ ಕೊಡೋಕಾಗುತ್ತಾ? ನೀನು ಹಾಗೇ ಮಾಡಿ ಮಾಡಿ ಇಲ್ಲಿಗೆ ಬಂತು ಅಪ್ಪ.”

ಮರುದಿನ ಬೆಳಗ್ಗೆ ಲಾರಿ ಬಂತು. ದಲ್ಲಾಳಿ ಹಿಂದಿನ ಹಲಗೆಯನ್ನು ಇಳಿಜಾರಾಗಿ ನೆಲಕ್ಕೆ ಬಿಟ್ಟು ಹಗ್ಗ ಎಳೆದ. ಹಲಗೆಯ ಬುಡದಲ್ಲಿ ಬೂದಿ ನಿಂತುಬಿಟ್ಟಿತು.

“ಮದುವಣಗಿತ್ತಿ ನೋಡಿ, ಕರೆದರೆ ಬರಲ್ಲ,” ಎಂದು ಅವನು ಹಲ್ಲು ಕಿರಿದ. “ಮೇಷ್ಟ್ರೇ, ನೀವಾದರೂ ಒಂದು ಮಾತು ಹೇಳಿ.”

ಮೇಷ್ಟ್ರು ಕತ್ತಿನ ಬಟ್ಟೆ ತೋರಿಸಿ ಕೈಯಾಡಿಸಿದರು. ದನಿ ಹೋದದ್ದಕ್ಕೆ ಅವರಿಗೆ ಮೊದಲ ಬಾರಿಗೆ ಸಮಾಧಾನವಾಯಿತು.

ದಲ್ಲಾಳಿ ಲಾರಿಯೊಳಗಿಂದ ಕೋಲು ತಂದ. ಮೊದಲ ಏಟು ಬೂದಿಯ ತೊಡೆಯ ಮೇಲೆ ಬಿತ್ತು. ಧೂಳೆದ್ದಿತು. ಬೂದಿ ನಡುಗಿತು, ಕದಲಲಿಲ್ಲ. ಅವನು ಎರಡನೆಯ ಸಲ ಕೋಲೆತ್ತಿದ.

“ನಡೀ...”

ಮೇಷ್ಟ್ರು ತಿರುಗಿ ನೋಡಿದರು. ಲಾಯದ ಬಾಗಿಲಲ್ಲಿ ಮಗಳು ನಿಂತಿದ್ದಳು. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ಏರು. ದನಿ ಹೆಣ್ಣಿನದು, ಉಳಿದದ್ದೆಲ್ಲ ಮೇಷ್ಟ್ರದೇ. ಬೂದಿ ಕತ್ತು ಕೊಡವಿ, ಮಕ್ಕಳನ್ನು ಹೊತ್ತು ಹೊರಡುತ್ತಿದ್ದ ಹಾಗೆಯೇ, ಆತುರವಿಲ್ಲದೆ ಹಲಗೆ ಹತ್ತಿತು. ಒಳಗಿನ ಗೋಡೆಗೆ ಮೂಗು ತಾಗುವ ಹೊತ್ತಿಗೆ ಅವಳೇ “ಸಾಕು” ಎಂದಳು. ನಿಂತಿತು.

“ಇದನ್ನ ಮೊದಲೇ ಹೇಳೋದಲ್ವೇನಮ್ಮ,” ಎಂದ ದಲ್ಲಾಳಿ, ಹಲಗೆ ಎತ್ತುತ್ತ.

ಮಗಳು ಲಾಯದ ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಲಾರಿಯ ಸದ್ದು ಅಡಗಿದ ಮೇಲೂ ಬಕೆಟ್ಟು ತುಂಬಿ ನೀರು ಹೊರಗೆ ಹರಿಯುತ್ತಿದ್ದದ್ದು ಕೇಳಿಸುತ್ತಿತ್ತು. ಮೇಷ್ಟ್ರು ಗೋಡೆಗೆ ಒರಗಿಸಿದ್ದ ಸಲಿಕೆ ತಂದರು. ಹಲಗೆ ಇಳಿಸಿದ್ದ ಜಾಗದಲ್ಲಿ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ಮಕ್ಕಳು ಬರುವ ಹೊತ್ತಾಗಿತ್ತು. ಮೇಷ್ಟ್ರು ಬಗ್ಗಿ, ನಿಧಾನವಾಗಿ, ಅದನ್ನು ಬುಟ್ಟಿಗೆ ತುಂಬತೊಡಗಿದರು.