ಕಸಿದುಕೊಂಡ ಗ್ಲಾಸು

ಹತ್ತೊಂಬತ್ತು ದಿನದಿಂದ ಶಿವಬಸವ್ವ ಗಂಡ ನಿಜಲಿಂಗಪ್ಪನ ಜೊತೆ ಒಂದು ಮಾತೂ ಆಡಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು, ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಅವನ ಮಗ್ಗದ ಪಕ್ಕ ನೀರಿನ ತಂಬಿಗೆ ಇಡುತ್ತಿದ್ದಳು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳುವುದಿದ್ದರೂ ಬೆಕ್ಕನ್ನು ಕೇಳುತ್ತಿದ್ದಳು. ಬೆಕ್ಕು ನಿಜಲಿಂಗಪ್ಪನ ಮುಖ ನೋಡುತ್ತಿತ್ತು. ಅವನು ಬೆಕ್ಕಿಗೇ ಉತ್ತರ ಹೇಳುತ್ತಿದ್ದ.

ತಪ್ಪು ಅವನದೇ. ಕೈಮಗ್ಗದ ಸೀರೆಗಳ ಪ್ರದರ್ಶನಕ್ಕೆಂದು ಗಂಡ ಹೆಂಡತಿ ಪಣಜಿಗೆ ಹೋಗಿದ್ದರು. ಮೂವತ್ತು ವರ್ಷ ಗಜೇಂದ್ರಗಡದ ಓಣಿಯಲ್ಲಿ ಕುಳಿತು ನೇಯ್ದ ಶಿವಬಸವ್ವ, ಮೊದಲ ಸಲ ತನ್ನ ಸೀರೆಯ ಪಕ್ಕದಲ್ಲಿ ನಿಂತು ಹೊಗಳಿಸಿಕೊಂಡಳು. ಸಂಜೆ ಪ್ರದರ್ಶನ ನಡೆಸುವ ಮೇಡಮ್ಮು ಎಲ್ಲ ನೇಕಾರ ಹೆಂಗಸರ ಕೈಗೂ ಒಂದೊಂದು ಉದ್ದನೆಯ ಗ್ಲಾಸು ಕೊಟ್ಟರು. ದಾಳಿಂಬೆಯ ಕೆಂಪು, ತಳದಿಂದ ಮೇಲಕ್ಕೆ ಓಡುವ ಗುಳ್ಳೆಗಳು, ತೇಲುವ ಚಕ್ಕೆಯ ಚೂರು. ನೊರೆ ಬರುವ ವೈನಿಗೆ ಹಣ್ಣು, ಮಸಾಲೆ ಬೆರೆಸಿದ್ದು, ಒಂದು ಗುಟುಕು ರುಚಿ ನೋಡಿ ಎಂದರು. ಶಿವಬಸವ್ವ ತುಟಿಯ ತನಕ ಒಯ್ದಿದ್ದಳು. ನಿಜಲಿಂಗಪ್ಪ ಎಲ್ಲಿದ್ದನೋ, ನುಗ್ಗಿ ಬಂದು ಗ್ಲಾಸು ಕಸಿದು ಹೂವಿನ ಕುಂಡಕ್ಕೆ ಸುರಿದು, "ಮಾನ ಮರ್ಯಾದಿ ಐತೇನ ನಿನಗ?" ಎಂದು ಕೂಗಿದ. ಮೂರು ಮಳಿಗೆಯಾಚೆ ಶಾಲು ಮಾರುವವನೂ ತಿರುಗಿ ನೋಡಿದ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಹೇಳಿದ್ದು ಇಷ್ಟೇ: "ಅಷ್ಟ ಮಂದಿ ಮುಂದ ನನ್ನ ಕೈಯಾಗಿಂದ ಕಸಗೊಂಡ್ರಿ. ಅದನ್ನ ತಿರುಗಿ ನನ್ನ ಕೈಯಾಗ ಇಟ್ಟ ದಿನ ಮಾತಾಡ್ತೀನಿ."

ಮೊದಲ ಮೂರು ದಿನ ಮನೆ ತಣ್ಣಗಿದೆ ಎಂದು ಅವನಿಗೆ ಖುಷಿಯೇ ಆಯಿತು. ಆಮೇಲೆ ಕಷ್ಟಕ್ಕೆ ಬಂತು. ಜಗಳಕ್ಕೂ ಎದುರಿಗೊಬ್ಬರು ಬೇಕು. ಅವನು ಕೂಗುತ್ತಿದ್ದ, ಅವಳು ನೂಲು ಸುತ್ತುತ್ತಿದ್ದಳು. ಹದಿನೇಳನೆಯ ದಿನ ಅವನು ನೇಯುತ್ತಿದ್ದ ಸೀರೆಯ ಅಂಚಿನಲ್ಲಿ ಎಳೆ ತಪ್ಪಿತು. ಅವಳು ನೋಡಿದಳು, ಹೇಳಲಿಲ್ಲ. ಒಂದು ಗೇಣು ನೇಯ್ದ ಮೇಲೆ ಅದು ಅವನ ಕಣ್ಣಿಗೆ ಬಿತ್ತು. ಎಳೆ ಎಳೆಯಾಗಿ ಬಿಚ್ಚುತ್ತ ಕುಳಿತವನು, ಈ ಹಾಳು ಗ್ಲಾಸನ್ನು ಕೊಟ್ಟೇ ಬಿಡುತ್ತೇನೆ ಎಂದು ತೀರ್ಮಾನಿಸಿದ.

ಬಸ್‌ಸ್ಟ್ಯಾಂಡಿನ ಹತ್ತಿರ ಸೋಡಾ ಅಂಗಡಿ ಇಟ್ಟಿದ್ದ ಉಸ್ಮಾನಸಾಬ ಅವನ ಜೊತೆ ಶಾಲೆ ಕಲಿತವನು. ವಿಷಯ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಕುಡಿದವರನ್ನ ಕಂಡ್ರ ಬಡಿಯಾಕ ಹೋಗಾಂವ, ಈಗ ಹೇಣ್ತಿಗೆ ವೈನ್ ಮಾಡಿ ಕುಡಸ್ತೀ ಏನಲೇ?"

"ಹಲ್ಲ ಕಿಸಿಬ್ಯಾಡ. ಹ್ಯಾಂಗ ಮಾಡೂದು ಹೇಳ."

ಉಸ್ಮಾನಸಾಬ ಮೊಬೈಲು ತೆಗೆದು ಹುಡುಕಿ ಓದಿದ. ದಾಳಿಂಬೆ, ಕಿತ್ತಳೆ ರಸಕ್ಕೆ ಚಕ್ಕೆ, ಲವಂಗ, ಬೆಲ್ಲ ಹಾಕಿ ಕುದಿಸಿ ಪಾಕ ಮಾಡಬೇಕು. ಸೋಸಿ, ತಣ್ಣಗೆ ಮಾಡಿ, ಕಡೆಗೆ ಗ್ಲಾಸಿನಲ್ಲಿ ವೈನು ಸುರಿಯಬೇಕು.

"ವೈನ್ ಮಾತ್ರ ಕುದಿಸಬ್ಯಾಡ, ಗ್ಯಾಸ್ ಹಾರಿ ಹೊಕ್ಕೈತಿ. ಮತ್ತ ಆ ಬಾಟ್ಲಿ ತಗೊಂಡ ನನ್ನ ಅಂಗಡಿ ಕಡೆ ಸುಳೀಬ್ಯಾಡ. ಸಲಹಾ ಕೇಳಿದಿ, ಕೊಟ್ಟೆ. ಅಲ್ಲಿಗೆ ಮುಗೀತು."

ಸ್ವಂತ ಊರಿನಲ್ಲಿ ವೈನ್ ಶಾಪಿನ ಮೆಟ್ಟಿಲು ಹತ್ತುವುದು ಸಾಧ್ಯವೇ? ನಿಜಲಿಂಗಪ್ಪ ರೋಣದ ಬಸ್ಸು ಹತ್ತಿದ. ಟವೆಲಿನಿಂದ ಮುಖ ಮುಚ್ಚಿಕೊಂಡು ಅಂಗಡಿಗೆ ಹೋದರೆ, ಅಲ್ಲಿ ಮುಖಕ್ಕೆ ಟವೆಲು ಸುತ್ತಿಕೊಂಡ ಇನ್ನೊಬ್ಬ ನಿಂತಿದ್ದ. ಕಣ್ಣು ಕಣ್ಣು ಕೂಡಿದವು. ಅವನು ತಮ್ಮದೇ ಓಣಿಯ ಶ್ರೀಧರ. ಕುಡುಕರನ್ನು ನಿಜಲಿಂಗಪ್ಪ ಬೈಯುವಾಗೆಲ್ಲ ಎಲ್ಲರಿಗಿಂತ ಜೋರಾಗಿ "ಖರೇ ಮಾತು" ಎನ್ನುತ್ತಿದ್ದವನು.

"ಕಾಕಾ, ನಾ ನಿಮ್ಮನ್ನ ನೋಡಿಲ್ರಿ," ಎಂದ ಶ್ರೀಧರ.

"ನಾ ಇಲ್ಲಿಗೆ ಬಂದೇ ಇಲ್ಲ," ಎಂದ ನಿಜಲಿಂಗಪ್ಪ.

ಅಂಗಡಿಯವನು ಮೂಲೆಯಿಂದ ಧೂಳು ಹಿಡಿದ ಒಂದು ಬಾಟಲಿ ತೆಗೆದು ಒರೆಸಿದ. "ನೊರಿ ಬರೂದು ಇದೊಂದ ಐತ್ರಿ. ಹೊಸ ವರ್ಷಕ್ಕ ತರಿಸಿದ್ದೆ. ಯಾವ ಹೊಸ ವರ್ಷ ಅಂತ ಕೇಳಬ್ಯಾಡ್ರಿ."

ಮರುದಿನ ಶಿವಬಸವ್ವ ತಂಗಿಯನ್ನು ನೋಡಲು ರಾಜೂರಿಗೆ ಹೋದಳು. ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆಂದು ಬೆಕ್ಕಿಗೆ ಹೇಳಿದ್ದಳು. ನಿಜಲಿಂಗಪ್ಪ ಒಲೆ ಹಚ್ಚಿ, ಉಸ್ಮಾನಸಾಬ ಹೇಳಿದಂತೆಯೇ ಪಾಕ ಕುದಿಯಲಿಟ್ಟ. ಅಲ್ಲಿಯ ತನಕ ಎಲ್ಲ ಸರಿಯಾಗಿತ್ತು. ಬಾಟಲಿಯ ಬಿರಡೆ ಬಿಗಿಯಾಗಿದೆಯೋ ಏನೋ ಎಂದು ಅದರ ಮೇಲಿನ ತಂತಿ ಬಿಚ್ಚಿ, ಹೆಬ್ಬೆರಳಿನಿಂದ ಸ್ವಲ್ಪ ಒತ್ತಿ ನೋಡಿದ್ದೇ ತಪ್ಪಾಯಿತು. ಢಂ! ಬಿರಡೆ ಹಾರಿ ಮಾಡಿನ ತಗಡಿಗೆ ಬಡಿಯಿತು. ನೊರೆ ಮೊಣಕೈ ತನಕ ಇಳಿಯಿತು.

"ಏನೋ ತಮ್ಮಾ ಅದು ಸಪ್ಪಳ?" ಪಕ್ಕದ ಮನೆಯ ಮುದುಕಿ ಹೊನ್ನವ್ವ ಆಗಲೇ ಹೊಸ್ತಿಲು ದಾಟಿದ್ದಳು.

ಬಾಟಲಿ ಮುಚ್ಚಿಡಲು ಜಾಗವಿರಲಿಲ್ಲ. ಇದ್ದದ್ದನ್ನೆಲ್ಲ ಕುದಿಯುವ ಪಾತ್ರೆಗೆ ಬಗ್ಗಿಸಿ, ಖಾಲಿ ಬಾಟಲಿಯನ್ನು ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಗೆ ಒದ್ದ.

"ಏನಿಲ್ಲಬೇ ಯವ್ವಾ. ಬಣ್ಣ ಕಾಸಾಕ ಹತ್ತೀನಿ."

ಬಣ್ಣ ಎಂದದ್ದು ಎರಡನೆಯ ತಪ್ಪು. ಹೊನ್ನವ್ವ ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕುಳಿತೇಬಿಟ್ಟಳು.

"ವಾಸನಿ ಭಾಳ ಚಲೋ ಐತಲ್ಲೋ! ಏನ ಹಾಕಿ? ದಾಳಿಂಬ್ರಿ ಸಿಪ್ಪಿ?"

"ಹೂಂ."

"ಉರಿ ಸಾಲಂಗಿಲ್ಲ." ಅವಳೇ ಎರಡು ಕಟ್ಟಿಗೆ ಮುಂದೆ ದೂಡಿದಳು. "ಉಪ್ಪ ಹಾಕಿಯೇನ?"

"ಉಪ್ಪ ಬ್ಯಾಡಬೇ!"

"ಉಪ್ಪ ಇಲ್ದ ಬಣ್ಣ ಹ್ಯಾಂಗ ಹಿಡೀತೈತೋ? ನೀ ಏನ ನೇಕಾರನೋ ಕಟುಗನೋ?" ಎನ್ನುತ್ತ ಅವಳು ಡಬ್ಬಿಗೆ ಕೈ ಹಾಕಿ ಒಂದು ಚಿಟಿಕೆ ಎಸೆದಳು. ಅವನು ಕೈ ಹಿಡಿಯದಿದ್ದರೆ ಹಿಡಿಯಷ್ಟು ಬೀಳುತ್ತಿತ್ತು. ಆಮೇಲೆ ಬಿಳಿ ನೂಲಿನ ಒಂದು ಎಳೆ ಅದ್ದಿ, ಬೆಳಕಿಗೆ ಹಿಡಿದು, ಇನ್ನೂ ಕುದಿಯಲಿ ಎಂದಳು. ಒಂದು ತಾಸು ಕುದಿಸಿ, ನಾಲ್ಕು ಸಲ ಎಳೆ ಅದ್ದಿದಳು. "ಈ ಬಣ್ಣ ನಿಲ್ಲಾಂಗಿಲ್ಲ ತಮ್ಮಾ, ಚೆಲ್ಲು," ಎಂದು ಕಡೆಗೆ ಎದ್ದು ಹೋದಳು.

ನಿಜಲಿಂಗಪ್ಪ ಪಾತ್ರೆ ಹಿಡಿದುಕೊಂಡು ಸೋಡಾ ಅಂಗಡಿಗೆ ಓಡಿದ. ಉಸ್ಮಾನಸಾಬ ದೂರದಿಂದಲೇ ಎರಡೂ ಕೈ ಅಡ್ಡ ಹಿಡಿದ.

"ಹತ್ರ ಬರಬ್ಯಾಡ ಅಂದಿದ್ನಿಲ್ಲೋ?"

"ಒಂದ ತಾಸ ಕುದ್ದೈತಿ ಮಾರಾಯಾ! ಅದರಾಗಿನ ಅಮಲನ್ನೆಲ್ಲ ನಮ್ಮ ಮನಿ ತಗಡ ಕುಡದೈತಿ. ಒಂದ ಗುಳ್ಳಿನೂ ಉಳದಿಲ್ಲ. ಬರೇ ಉಪ್ಪಿನ ಶರಬತ್ತು. ಎರಡ ಸೋಡಾ ಕೊಡ, ನಾ ಮನ್ಯಾಗ ಬೆರಸ್ತೀನಿ."

ಉಸ್ಮಾನಸಾಬನಿಗೆ ಕನಿಕರ ಬಂತು. ಅಷ್ಟು ದೂರದಿಂದಲೇ ಎರಡು ಸೋಡಾ ಉರುಳಿಸಿದ.

ಶಿವಬಸವ್ವ ಒಳಗೆ ಬಂದು ಚೀಲ ಇಳಿಸುವ ಮೊದಲೇ ನಿಜಲಿಂಗಪ್ಪ ಉದ್ದನೆಯ ಸ್ಟೀಲ್ ಗ್ಲಾಸನ್ನು ಅವಳ ಕೈಯಲ್ಲಿಟ್ಟ. ಕೆಂಪಗಿತ್ತು, ಗುಳ್ಳೆ ಏಳುತ್ತಿತ್ತು, ಮೇಲೊಂದು ಚಕ್ಕೆಯ ಚೂರೂ ಇತ್ತು.

"ಪಣಜಿದು. ವೈನ್ ತರಾಕ ರೋಣಕ್ಕ ಹೋಗಿದ್ದೆ," ಎಂದ. ಹೋದದ್ದು ಸುಳ್ಳಲ್ಲ. ಮುಂದಿನದನ್ನು ಹೇಳಲು ಬಾಯಿ ತೆರೆದ. ಹೇಳಿದರೆ ಗ್ಲಾಸು ಕೊಟ್ಟಂತಾಗುವುದಿಲ್ಲ, ಮತ್ತೆ ಬೆಕ್ಕಿನ ಜೊತೆ ಬಾಳಬೇಕು. ಬಾಯಿ ಮುಚ್ಚಿದ.

ಅವಳು ಗೋಡೆಗೆ ಒರಗಿ ಕುಳಿತು ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ಅರ್ಧ ಗ್ಲಾಸು ಖಾಲಿಯಾಯಿತು. ಅವನು ಬಗ್ಗಿ ಗ್ಲಾಸಿನೊಳಗೆ ಇಣುಕಿದ.

"ಅವತ್ತಿಂದರಂಗ ಐತೇನ?"

"ನನಗೇನ ಗೊತ್ತ?" ಹತ್ತೊಂಬತ್ತು ದಿನದ ಮೇಲೆ ಶಿವಬಸವ್ವ ಬಾಯಿ ತೆರೆದಳು. "ಕುಡಿಯಾಕ ಎಲ್ಲಿ ಬಿಟ್ರಿ?"

ನಿಜಲಿಂಗಪ್ಪನ ಕಣ್ಣು ತುಂಬಿ ಬಂದವು. ಆದರೆ ಅವಳು ನಿಲ್ಲಿಸಲಿಲ್ಲ. ಹಣೆಗೆ ಕೈ ಹಚ್ಚಿಕೊಂಡಳು.

"ತಲಿ ಗಿಂವ್ ಅನ್ನಾಕ ಹತ್ತೈತಿ. ಅಮಲ ಏರಿದವರ ಮಾತಿಗೆ ಯಾರೂ ಸಿಟ್ಟ ಮಾಡ್ಬಾರ್ದು. ಕುಂದರ್ರಿ. ನನ್ನ ತಮ್ಮನ ಮದುವ್ಯಾಗ ಜಿಲೇಬಿ ಸಲುವಾಗಿ ಪಂಗ್ತಿ ಬಿಟ್ಟ ಎದ್ದ ಹ್ವಾದ್ರಲ್ಲ, ಅದು ಯಾಕ?"

"ಅದು ಬಿಸಿ ಇರಲಿಲ್ಲ..."

"ಸುಮ್ನಿರ್ರಿ, ನನಗ ಏರೈತಿ. ನಾ ನೇಯ್ದ ಸೆರಗಿಗೆ ನಿಮ್ಮ ಹೆಸರ ಹೇಳಿ ಶಾಲ ಹೊದಿಸಿಕೊಂಡ್ರಲ್ಲ, ಅದು?"

ನಿಜಲಿಂಗಪ್ಪನ ಕುತ್ತಿಗೆಯ ನರ ಉಬ್ಬಿತು. ಅಮಲು ಎಲ್ಲಿಂದ ಬಂತು, ಅದರಲ್ಲಿ ಒಂದು ಹನಿಯಾದರೂ ಉಳಿದಿದ್ದರಲ್ಲವೇ ಎಂದು ಕೂಗಬೇಕೆನಿಸಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಶಿವಬಸವ್ವ ಗ್ಲಾಸಿನ ಅಂಚಿನ ಮೇಲಿಂದ ಅವನನ್ನೇ ನೋಡುತ್ತಿದ್ದಳು. ಆ ಕಣ್ಣುಗಳಲ್ಲಿ ಅಮಲಿನ ಸುಳಿವೂ ಇರಲಿಲ್ಲ.

"ತಪ್ಪಾತು," ಎಂದ ಅವನು.

"ಇನ್ನೊಂದ ಗ್ಲಾಸ ಹಾಕ್ರಿ," ಎಂದಳು ಶಿವಬಸವ್ವ. "ನಿಮ್ಮ ಅಕ್ಕನ ಸುದ್ದಿ ಇನ್ನೂ ಚಾಲೂನ ಮಾಡಿಲ್ಲ."