ಸುಮತಿ, ಊರು ಮಿರಜ

ನಮ್ಮೂರಿನವರಿಗೆ ಬೇಡದ ಕಾಗದವೆಂದರೆ ಪ್ರಾಣ, ಬೇಕಾದ ಕಾಗದವೆಂದರೆ ಜ್ವರ. ಆಧಾರ್ ಕಾರ್ಡಿನ ಹತ್ತು ಝೆರಾಕ್ಸ್ ಮಾಡಿಸಿ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಾರೆ. ಯಾವ ಕಾಗದವನ್ನು ಯಾವಾಗ, ಎಲ್ಲಿ ಕೊಡಬೇಕು ಎಂದು ಹೇಳಿದರೆ ಮಾತ್ರ “ನೋಡೂಣ ತಗೋ” ಎಂದು ಎದ್ದು ಹೋಗುತ್ತಾರೆ. ನಾನು ರೂಪಾಲಿ. ಉಗಾರ ಖುರ್ದದ ಹತ್ತಿರದ ನಮ್ಮ ಸಣ್ಣ ಊರಿನಲ್ಲಿ ಸೇವಾ ಕೇಂದ್ರ ನಡೆಸುತ್ತೇನೆ. ಪಹಣಿ ತೆಗೆಯುವುದು, ಪಿಂಚಣಿ ಅರ್ಜಿ ಹಾಕುವುದು, ಹೆಸರು ತಿದ್ದಿಸುವುದು ನನ್ನ ಕೆಲಸ. ಆರು ವರ್ಷದಿಂದ ಈ “ನೋಡೂಣ ತಗೋ” ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ. ಭೂಪಾಲ ಕಾಕಾ ಅವರ ಮನೆಯಲ್ಲಿ ನಡೆದದ್ದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿದರೆ ಬೇಸರ ಮಾಡಿಕೊಳ್ಳಬೇಡಿ.

ಭೂಪಾಲ ಕಾಕಾ ಎಂಟು ಎಕರೆ ಕಬ್ಬಿನ ರೈತರು, ನಮ್ಮೂರ ಬಸದಿಯ ಟ್ರಸ್ಟಿ. ಒಳ್ಳೆಯ ಮನುಷ್ಯರು, ಆದರೆ ಬಲು ಹಟಮಾರಿ. ಅವರ ತಾಯಿ ಲಕ್ಷ್ಮಿಬಾಯಿಗೆ ಎಪ್ಪತ್ತಮೂರು ವರ್ಷ. ಊರೆಲ್ಲ ಅವರನ್ನು ಆಯಿ ಎಂದೇ ಕರೆಯುತ್ತದೆ.

ಹೋದ ವರ್ಷ ನಮ್ಮೂರಿನಲ್ಲಿ ಮುನಿ ಮಹಾರಾಜರ ಚಾತುರ್ಮಾಸ ಇತ್ತು. ಅದನ್ನು ನೋಡಲು ಪೋಲೆಂಡ್ ದೇಶದಿಂದ ಹಾನ್ನಾ ಎಂಬ ಹೆಂಗಸು ಕಾಕಾ ಅವರ ಮನೆಗೆ ಬಂದರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಿಯಾದವರು. ನಾಲ್ಕು ವರ್ಷದ ಹಿಂದೆ ಶ್ರವಣಬೆಳಗೊಳದ ಬೆಟ್ಟ ಹತ್ತುವಾಗ ಆಯಿಗೆ ಕಾಲು ಸೋತಿತ್ತು. ಆಗ ಕೈಹಿಡಿದು ಮೇಲೆ ಕರೆದುಕೊಂಡು ಹೋದವರು ಇದೇ ಹಾನ್ನಾ. ಅವತ್ತಿನಿಂದ ಇಬ್ಬರಿಗೂ ಫೋನಿನಲ್ಲೇ ಮಾತುಕತೆ. ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಆದರೂ ಅರ್ಧ ಗಂಟೆ ಮಾತಾಡುತ್ತಿದ್ದರು.

ಹಾನ್ನಾ ಬಂದ ಮರುದಿನವೇ ನಾನು ಕಾಕಾ ಅವರಿಗೆ ಹೇಳಿದೆ. ಬೇರೆ ದೇಶದವರು ನಮ್ಮ ಮನೆಯಲ್ಲಿ ಉಳಿದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ಅದಕ್ಕೆ ಸಿ ಫಾರ್ಮು ಎನ್ನುತ್ತಾರೆ. ಆನ್‌ಲೈನಿನಲ್ಲೇ ತುಂಬಬಹುದು. ಪಾಸ್‌ಪೋರ್ಟು, ವೀಸಾ, ಒಂದು ಫೋಟೋ ತನ್ನಿ, ನಾನೇ ತುಂಬಿ ಕೊಡುತ್ತೇನೆ ಎಂದೆ. ಕಾಕಾ ನನ್ನನ್ನು ಕೆಟ್ಟ ಮಾತಾಡಿದವಳಂತೆ ನೋಡಿದರು.

“ಮನೀಗೆ ಬಂದ ಪಾವಣ್ಯಾರ ಹೆಸರ ಪೊಲೀಸರಿಗೆ ಕೊಡೂದಾ, ರೂಪಾಲಿ? ಆಕಿ ಏನ ಕಳ್ಳಿ ಏನು? ಉಳ್ಳಾಗಡ್ಡಿ ಮುಟ್ಟಂಗಿಲ್ಲ, ಬಟಾಟಿ ತಿನ್ನಂಗಿಲ್ಲ, ಹೊತ್ತ ಮುಳುಗಿದ ಮ್ಯಾಲ ಬಾಯಾಗ ನೀರ ಸೈತ ಹಾಕಂಗಿಲ್ಲ. ನಮ್ಮ ಮಂದಿಗಿಂತ ಬರೋಬರ ನಡೀತಾಳ. ಇನ್ನೇನ ಫಾರ್ಮ ಬೇಕು?”

ಉಳ್ಳಾಗಡ್ಡಿ ಬಿಟ್ಟರೆ ಪೌರತ್ವ ಸಿಗುವುದಿಲ್ಲ ಎಂದು ನಾನೆಂದೆ. ಇದು ಹಾನ್ನಾ ಅವರ ಮೇಲಿನ ಅನುಮಾನವಲ್ಲ, ಜಾಗ ಕೊಟ್ಟವರ ಜವಾಬ್ದಾರಿ. ಹೋಟೆಲ್ ಆಗಲಿ, ಯಾತ್ರಿ ನಿವಾಸವಾಗಲಿ, ನಮ್ಮಂಥವರ ಮನೆಯೇ ಆಗಲಿ, ಎಲ್ಲರಿಗೂ ಒಂದೇ ನಿಯಮ. ನಾಳೆ ಅವರಿಗೆ ಜ್ವರ ಬಂದು ದವಾಖಾನೆ ಸೇರಿದರೆ, ಪಾಸ್‌ಪೋರ್ಟು ಕಳೆದರೆ, ಅವರು ಇಲ್ಲಿದ್ದಾರೆಂದು ಹೇಳುವ ಕಾಗದ ಬೇಡವೇ ಎಂದು ಕೇಳಿದೆ. ಕಾಕಾ ತಲೆ ಆಡಿಸಿದರು. ನೋಡೂಣ ತಗೋ ಎಂದರು.

ಎರಡನೇ ಸಲ ಹಾಲಿನ ಡೇರಿಯ ಮುಂದೆ ಸಿಕ್ಕಾಗ ಹೇಳಿದೆ. ಕಬ್ಬಿಗೆ ನೀರು ಬಿಡುವ ಪಾಳಿ ಬಂದಿದೆ ಎಂದು ಗಾಡಿ ಏರಿದರು. ಹದಿನೈದು ದಿನ ಬಿಟ್ಟು ಮೂರನೇ ಸಲ ಮನೆಗೇ ಹೋದೆ. ಎಲ್ಲಾ ಆಗಿದೆ, ರಜಿಸ್ಟರಿನಲ್ಲಿ ಬರೆದಿದ್ದೇನೆ ಎಂದರು. ಅಲ್ಲಿಗೆ ನಾನು ಸುಮ್ಮನಾದೆ. ಆಯಿತಲ್ಲ, ಪುಣ್ಯಾತ್ಮರು ಉಗಾರಕ್ಕೋ ಕಾಗವಾಡಕ್ಕೋ ಹೋಗಿ ಮಾಡಿಸಿರಬೇಕು ಅಂದುಕೊಂಡೆ. ಯಾವ ರಜಿಸ್ಟರು ಎಂದು ಅವತ್ತೇ ಕೇಳದೆ ಬಿಟ್ಟದ್ದು ನನ್ನ ತಪ್ಪು.

ಹಾನ್ನಾ ನಮ್ಮೂರಿಗೆ ಬೇಗ ಹೊಂದಿಕೊಂಡರು. ಬೆಳಿಗ್ಗೆ ಸೋಸಿದ ನೀರು ತರುವುದು, ಮಹಾರಾಜರ ಆಹಾರಕ್ಕೆ ಧಾನ್ಯ ಆರಿಸುವುದು, ಮಧ್ಯಾಹ್ನ ಆಯಿಯ ಪಕ್ಕ ಕುಳಿತು ಬಸದಿಯ ಕಂಬಗಳ ಚಿತ್ರ ಬರೆಯುವುದು. ಅವರ ನಿಷ್ಠೆ ನೋಡಿ ಮಹಾರಾಜರು ಬಂದ ವಾರದಲ್ಲೇ ಅವರಿಗೆ ಸುಮತಿ ಎಂದು ಹೆಸರಿಟ್ಟಿದ್ದರು. ಆಮೇಲೆ ಊರಿನಲ್ಲಿ ಹಾನ್ನಾ ಎಂಬ ಹೆಸರೇ ಮಾಯವಾಯಿತು. ಎಲ್ಲರಿಗೂ ಅವರು ಸುಮತಿತಾಯಿ.

ಭಾದ್ರಪದ ಹತ್ತಿರ ಬಂತು. ಆಯಿ ದಿನಕ್ಕೊಂದು ಧರ್ಮವನ್ನು ನೆನೆಯುವ ದಶಲಕ್ಷಣ ಪರ್ವದ ಹತ್ತೂ ದಿನ ಉಪವಾಸ ಮಾಡುವುದಾಗಿ ವ್ರತ ಹಿಡಿದರು. ದಿನಕ್ಕೆ ಒಮ್ಮೆ ಕಾಯಿಸಿ ಆರಿಸಿದ ನೀರು, ಅಷ್ಟೇ. ಈ ವಯಸ್ಸಿಗೆ ಇದೇ ಕಡೆಯ ದೊಡ್ಡ ಉಪವಾಸ ಎಂದು ಅವರೇ ಹೇಳಿದರು. ಹನ್ನೊಂದನೇ ದಿನ ಪಾರಣೆ, ಅಂದರೆ ಉಪವಾಸ ಬಿಡುವ ದಿನ. ಅವತ್ತು ಮೊದಲ ಗುಟುಕು ಹೆಸರುಬೇಳೆಯ ತಿಳಿನೀರನ್ನು ಸುಮತಿಯ ಕೈಯಿಂದಲೇ ಕುಡಿಯಬೇಕೆಂಬುದು ಅವರ ಆಸೆ. ಬೆಟ್ಟದ ಮೇಲೆ ತನ್ನ ಕೈಹಿಡಿದವಳು ಅವಳೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಹಾನ್ನಾ ಅವರ ವೀಸಾ ಮುಗಿಯುವುದು ಉಪವಾಸದ ಒಂಬತ್ತನೇ ದಿನ. ಎರಡು ದಿನ ಕಡಿಮೆ ಬಿದ್ದಿತ್ತು. ವೀಸಾ ಮುಂದುವರಿಸಲು ಅರ್ಜಿ ಹಾಕೋಣವೆಂದು ಕಾಕಾ ಹಾನ್ನಾ ಅವರನ್ನು ಕರೆದುಕೊಂಡು ನನ್ನ ಕೇಂದ್ರಕ್ಕೆ ಬಂದರು. ನಾನು ಮೊದಲು ಕೇಳಿದ್ದೇ ಸಿ ಫಾರ್ಮಿನ ಪ್ರತಿ. ಕಾಕಾ ಹೆಮ್ಮೆಯಿಂದ ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ಅದು ಬಸದಿಯ ರಜಿಸ್ಟರಿನ ಹಾಳೆ. ದರ್ಶನಕ್ಕೆ ಬಂದ ಎಷ್ಟು ಜನರಿಗೆ ಅಡುಗೆ ಆಗಬೇಕೆಂದು ಗೊತ್ತಾಗಲಿ ಎಂದು ಇಟ್ಟ ರಜಿಸ್ಟರು. ಅದರಲ್ಲಿ ಅವರದೇ ಮುದ್ದಾದ ಅಕ್ಷರದಲ್ಲಿ ಹೀಗಿತ್ತು: ಸುಮತಿ, ಊರು ಮಿರಜ.

ಮಿರಜ ಎಲ್ಲಿಂದ ಬಂತು ಎಂದು ಕೇಳಿದೆ.

“ಆಕಿ ರೈಲ ಇಳದಿದ್ದು ಮಿರಜದಾಗ ಅಲ್ಲೇನವಾ? ಪೋಲೆಂಡ ಅಂತ ಬರದ್ರ ನೂರಾ ಎಂಟ ಮಂದಿ ನೂರಾ ಎಂಟ ಕೇಳ್ತಾರ. ಅದಕ್ಕ ಹಂಗ ಬರದೇನಿ.”

ನನ್ನ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಎರಡು ತಿಂಗಳು ಒಬ್ಬ ಹೆಂಗಸು ನಮ್ಮ ಕಣ್ಣೆದುರು ಓಡಾಡಿದ್ದಾರೆ, ಸರ್ಕಾರದ ಲೆಕ್ಕದಲ್ಲಿ ಮುಂಬೈ ವಿಮಾನ ನಿಲ್ದಾಣದಲ್ಲಿ ಇಳಿದು ಕಾಣೆಯಾಗಿದ್ದಾರೆ. ಹುಡುಕುವವರಿಗೆ ಸಿಗುವುದು ಮಿರಜದ ಸುಮತಿ. ಹಾನ್ನಾ ನಮ್ಮಿಬ್ಬರ ಮುಖ ನೋಡುತ್ತ ನಿಂತಿದ್ದರು. ಬಂದ ದಿನವೇ ಅವರು ಪೊಲೀಸರಿಗೆ ತಿಳಿಸಬೇಕಲ್ಲವೇ ಎಂದು ಕಾಕಾ ಅವರನ್ನು ಕೇಳಿದ್ದರಂತೆ. ಎಲ್ಲಾ ಆಗಿದೆ ಎಂದು ಕಾಕಾ ಅವರಿಗೂ ಹೇಳಿದ್ದರಂತೆ. ಅದನ್ನು ಕೇಳಿದ ಮೇಲೆ ನನಗೆ ಸಿಟ್ಟಿನ ಜೊತೆ ನಾಚಿಕೆಯೂ ಆಯಿತು.

ಅವತ್ತೇ ಕಾಕಾ ಅವರ ಮನೆಯ ಹೆಸರಿನಲ್ಲಿ ನೋಂದಣಿ ಮಾಡಿ, ತಡವಾದರೂ ಸರಿ ಎಂದು ಫಾರ್ಮು ತುಂಬಿದೆ. ವೀಸಾ ಮುಂದುವರಿಸುವ ಅರ್ಜಿಯನ್ನೂ ಹಾಕಿದೆವು. ಕಾಕಾ ಎರಡು ಸಲ ಬೆಳಗಾವಿಯ ವಿದೇಶಿಯರ ನೋಂದಣಿ ಕಚೇರಿಗೆ ಹೋಗಿ ಬಂದರು. ತಪ್ಪು ನನ್ನದು, ಪಾವಣ್ಯಾರದಲ್ಲ ಎಂದು ಕೈಯಾರೆ ಬರೆದುಕೊಟ್ಟರು. ತಡಮಾಡಿದ್ದಕ್ಕೆ ದಂಡ ಕಟ್ಟಿದರು. ಅಲ್ಲಿನ ಅಧಿಕಾರಿ ಕೂಗಾಡಲಿಲ್ಲ. ಎರಡು ತಿಂಗಳು ಎಲ್ಲಿದ್ದರು ಎಂಬುದಕ್ಕೆ ಸಮಯಕ್ಕೆ ಸರಿಯಾದ ಒಂದೂ ದಾಖಲೆ ಇಲ್ಲದಿರುವಾಗ ಹೆಚ್ಚಿನ ದಿನ ಕೊಡಲಾಗದು, ವೀಸಾ ಮುಗಿಯುವುದರೊಳಗೆ ಹೊರಡಲಿ ಎಂದರಂತೆ. ಫಾರ್ಮು ತುಂಬಿದ್ದರೆ ಖಂಡಿತ ಸಿಗುತ್ತಿತ್ತು ಎಂದು ನಾನು ಹೇಳಲಾರೆ. ಅದು ಅಧಿಕಾರಿಗಳಿಗೆ ಬಿಟ್ಟದ್ದು. ಆದರೆ ಕೇಳುವುದಕ್ಕೆ ನಮಗೊಂದು ಮುಖವಾದರೂ ಇರುತ್ತಿತ್ತು.

ಉಪವಾಸದ ಏಳನೇ ದಿನ ಸಂಜೆ ನಾವೆಲ್ಲ ಆಯಿಯ ಕೋಣೆಯಲ್ಲಿದ್ದೆವು. ಆಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಶಕ್ತಿ ಉಳಿಯಲಿ ಎಂದು ಎರಡು ದಿನದಿಂದ ಮಾತು ಕಡಿಮೆ ಮಾಡಿದ್ದರು. ಮಿರಜದಿಂದ ಹಾನ್ನಾ ಅವರ ರೈಲು ಮರುದಿನ ಮಧ್ಯಾಹ್ನ. ಆಗ ಭೂಪಾಲ ಕಾಕಾ ಎರಡನೇ ಜಾಣತನ ತೆಗೆದರು.

“ನಾಕ ದಿನದ ಮಾತ. ತ್ವಾಟದ ಮನ್ಯಾಗ ಇಡೂಣು. ಪಾರಣಿ ಮುಗಿಸಿ ಕಳಸೂಣು. ಯಾರ ಬಂದ ನೋಡ್ತಾರ?”

ನಾನು ತಡೆದುಕೊಳ್ಳಲಿಲ್ಲ. ವೀಸಾ ಮುಗಿದ ಮೇಲೆ ಉಳಿಯುವುದು ಅಪರಾಧ, ಇಟ್ಟುಕೊಂಡವರದೂ ಅಪರಾಧವೇ ಎಂದೆ. ಸಿಕ್ಕಿಬಿದ್ದರೆ ಕೇಸು, ದಂಡ, ಗಡೀಪಾರು. ಸಿಕ್ಕಿಬೀಳದಿದ್ದರೂ ಹೊರಡುವಾಗ ವಿಮಾನ ನಿಲ್ದಾಣದಲ್ಲಿ ದಿನಾಂಕ ನೋಡಿಯೇ ಬಿಡುತ್ತಾರೆ. ಒಮ್ಮೆ ಕಪ್ಪು ಪಟ್ಟಿಗೆ ಹೆಸರು ಸೇರಿದರೆ ಮತ್ತೆ ಈ ದೇಶಕ್ಕೆ ಕಾಲಿಡಲು ಬಿಡದೆ ಇರಬಹುದು. ಒಂದು ಸುಳ್ಳು ಬರೆದು ಇಷ್ಟಾಗಿದೆ, ಇನ್ನೊಂದು ಸುಳ್ಳಿಗೆ ತೋಟದ ಮನೆ ತೋರಿಸುತ್ತೀರಲ್ಲ ಎಂದು ಹಿರಿಯರೆಂಬುದನ್ನೂ ನೋಡದೆ ಅಂದುಬಿಟ್ಟೆ.

ಕಷ್ಟವೆಂದರೆ, ಹಾನ್ನಾ ಅವರೂ ಉಳಿಯಲು ತಯಾರಿದ್ದರು. ಕಲಿತಷ್ಟು ಕನ್ನಡದಲ್ಲಿ ಅವರು ಹೇಳಿದರು:

“ನಾನು ಇರತೀನಿ. ಆಯಿ ನೀರು ಕುಡೀಲಿ. ಆಮೇಲೆ ಏನಾದರೂ ಆಗಲಿ.”

ಆಗ ಆಯಿ ಕಣ್ಣು ತೆರೆದರು. ಹಾನ್ನಾ ಅವರನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು. ಆ ಕೈ ಬಿಡದೆ ಮಗನ ಕಡೆ ತಿರುಗಿ ಹೇಳಿದರು:

“ಈ ಹತ್ತ ದಿನದಾಗ ಒಂದ ದಿನ ಸತ್ಯ ಧರ್ಮದ್ದು ಐತಿ, ಭೂಪಾಲ. ಅವತ್ತೂ ನಾ ಹಸದ ಕೂತೇನಿ. ಈಗ ಕಳ್ಳತನಲೆ ಕೊಟ್ಟ ನೀರಲೆ ನನ್ನ ಉಪಾಸ ಬಿಡಸಬ್ಯಾಡ. ಆಕೀನ ನಾಳೆ ಕಳಸು. ಬಾಗಿಲ ತೆರದಿದ್ರ ಮತ್ತ ಬರತಾಳ.”

ಕಾಕಾ ತಲೆ ತಗ್ಗಿಸಿದರು. ಹಾನ್ನಾ ಅವರಿಗೆ ಮಾತು ಪೂರ್ತಿ ತಿಳಿಯಿತೋ ಇಲ್ಲವೋ, ಆಯಿಯ ತೊಡೆಯ ಮೇಲೆ ಮುಖವಿಟ್ಟು ಅತ್ತರು. ನನಗೂ ಅಳು ಬಂತು. ಅಳುತ್ತಲೇ ಕಾಕಾ ಅವರ ಮೇಲೆ ಸಿಟ್ಟು ಬರುತ್ತಿತ್ತು. ಹತ್ತು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡಿ ಎಂಥ ಹಿರಿಯರಿಗೆ ಎಂಥ ಮಾತು ಆಡುವ ಗತಿ ತಂದರು.

ಮರುದಿನ ಹಾನ್ನಾ ಹೊರಟರು. ಪಾರಣೆಯ ದಿನ ಮನೆ ತುಂಬ ಜನ. ಭೂಪಾಲ ಕಾಕಾ ಬೆಳ್ಳಿಯ ಚಮಚದಲ್ಲಿ ತಿಳಿನೀರು ಹಿಡಿದರು. ಆಯಿ ಒಮ್ಮೆ ಬಾಗಿಲ ಕಡೆ ನೋಡಿ, ಆಮೇಲೆ ಬಾಯಿ ತೆರೆದರು. ಮಗನನ್ನು ಬೈಯಲಿಲ್ಲ. ಬೈದಿದ್ದರೆ ಕಾಕಾ ಅವರಿಗೆ ಹಗುರಾಗುತ್ತಿತ್ತು.

ಈ ವರ್ಷ ಹಾನ್ನಾ ಮತ್ತೆ ಬಂದರು. ಹೇಳಿದ ದಿನಕ್ಕೆ ಹೊರಟಿದ್ದರಿಂದ ಅವರಿಗೆ ಹೊಸ ವೀಸಾ ಸಿಕ್ಕಿತು. ಅವರು ಇನ್ನೂ ಮಿರಜದ ಸ್ಟೇಷನ್ನಿನಲ್ಲಿ ಇರುವಾಗಲೇ ಕಾಕಾ ನನಗೆ ಫೋನ್ ಮಾಡಿದರು. ಕೇಂದ್ರ ಮುಚ್ಚಬೇಡ, ಮನೆಗೆ ಹೋಗುವ ಮೊದಲು ನೇರ ಅಲ್ಲಿಗೇ ಬರುತ್ತೇವೆ ಎಂದರು. ಬಂದವರೇ ಪಾಸ್‌ಪೋರ್ಟು, ವೀಸಾ, ಫೋಟೋ ಮೇಜಿನ ಮೇಲೆ ಸಾಲಾಗಿ ಇಟ್ಟರು. ಪಾವಣ್ಯಾರಿಗೆ ಚಹಾ ಆದರೂ ಕೊಡಿರಿ ಎಂದೆ. ಮೊದಲು ಫಾರ್ಮು ಎಂದರು. ಈಗ ಬಸದಿಯ ಯಾತ್ರಿ ನಿವಾಸಕ್ಕೆ ಬೇರೆ ದೇಶದವರು ಯಾರೇ ಬಂದರೂ ಅವರ ಕಾಗದ ಹಿಡಿದು ಬರುವವರು ಕಾಕಾ ಅವರೇ. ನನಗಿಂತ ಜೋರಾಗಿ ನನ್ನದೇ ಪಾಠ ಊರಿಗೆಲ್ಲ ಒಪ್ಪಿಸುತ್ತಾರೆ. ಅದನ್ನು ಕೇಳುವಾಗ ನನಗೆ ನಗುವೂ ಬರುತ್ತದೆ, ಮೈ ಉರಿಯುವುದೂ ಉಂಟು.

ಆದರೆ ಈ ಸಲ ಆಯಿಗೆ ಹತ್ತು ಉಪವಾಸ ಆಗಲಿಲ್ಲ. ಡಾಕ್ಟರು ಬೇಡವೆಂದರು. ಅನಂತ ಚತುರ್ದಶಿಯ ಒಂದೇ ದಿನ ಉಪವಾಸವಿದ್ದರು. ಮರುದಿನ ಬೆಳಿಗ್ಗೆ ಹಾನ್ನಾ ತಿಳಿನೀರು ಕೊಟ್ಟರು, ಆಯಿ ಕುಡಿದರು. ಇಬ್ಬರ ಮುಖದಲ್ಲೂ ಸಂತೋಷವಿತ್ತು. ಹಿಂದೆ ನಿಂತಿದ್ದ ಭೂಪಾಲ ಕಾಕಾ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

“ಆ ಹತ್ತ ದಿನದ ನೀರ ನಾ ಕಳದೆ, ರೂಪಾಲಿ. ಅದೇನ ತಿರುಗಿ ಬರಂಗಿಲ್ಲ.”

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದು ಹೊಸದಾಗಿ ಬಂದ ಕಿರಿಕಿರಿಯಲ್ಲ. ನಮ್ಮ ಅಜ್ಜಂದಿರ ಕಾಲದ ಕಾಯ್ದೆಯಲ್ಲೂ ಈ ನಿಯಮವಿತ್ತು, ಈಗಿನ ೨೦೨೫ರ ಕಾಯ್ದೆಯಲ್ಲೂ ಇದೆ. ಚಿಂಚಲಿಯ ಮಾಯಕ್ಕನ, ಮಂಗಸೂಳಿಯ ಮಲ್ಲಯ್ಯನ ದರ್ಶನಕ್ಕೆ ಬಂದ ಪರದೇಶದ ಭಕ್ತರು ನಿಮ್ಮಲ್ಲಿ ಒಂದು ರಾತ್ರಿ ಉಳಿದರೂ ಇಪ್ಪತ್ನಾಲ್ಕು ಗಂಟೆಯೊಳಗೆ ತಿಳಿಸಿ. ಅವರು ಹೊರಟಾಗಲೂ ತಿಳಿಸಿ. ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಬರೆಯಿರಿ, ನೀವು ಪ್ರೀತಿಯಿಂದ ಇಟ್ಟ ಹೆಸರನ್ನಲ್ಲ. ಆನ್‌ಲೈನ್ ಬರದಿದ್ದರೆ ಪೊಲೀಸ್ ಠಾಣೆಯಲ್ಲಿ ಕೇಳಿ. ಇನ್ನೊಂದು ಮಾತು. ಮುಖ ನೋಡಿ, ಭಾಷೆ ಕೇಳಿ ಯಾರನ್ನೂ ಪರದೇಶದವರೆಂದು ತೀರ್ಮಾನಿಸಬೇಡಿ. ಮಣಿಪುರದಿಂದ ಬಂದ ನರ್ಸಮ್ಮ, ಬಂಗಾಳದಿಂದ ಮನೆ ಕಟ್ಟಲು ಬಂದ ಗೌಂಡಿ ನಮ್ಮ ದೇಶದವರೇ. ಅವರನ್ನು ತಡೆದು ಕಾಗದ ಕೇಳುವ ಅಧಿಕಾರ ನಮಗಿಲ್ಲ.

ಪಾವಣ್ಯಾರಿಗೆ ಕಾಲು ತೊಳೆಯಲು ನೀರು ಕೊಡುವುದು ನಮಗೆ ಯಾರೂ ಕಲಿಸಬೇಕಿಲ್ಲ. ಅದನ್ನು ಕೊಟ್ಟ ದಿನವೇ ಆ ಫಾರ್ಮನ್ನೂ ತುಂಬಿಬಿಡಿ. ನನ್ನ ಮುಂದೆ ಬಂದು “ನೋಡೂಣ ತಗೋ” ಎಂದು ಮಾತ್ರ ದಯವಿಟ್ಟು ಹೇಳಬೇಡಿ.